ಹನ್ನೊಂದು ನಿಮಿಷ ತಡ

ಬಸ್ಸಿನಲ್ಲಿ ಆಕೆ ಕೂತದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಕಂಡಕ್ಟರಿಗೆಂದೇ ಬಾಗಿಲ ಪಕ್ಕದಲ್ಲಿ ಒಂಟಿ ಸೀಟೊಂದಿತ್ತು. ಅದರ ಮೇಲೆ ಯಾವಾಗಲೂ ಯಾರದೋ ಮಗು, ಯಾರದೋ ಚೀಲ, ಇಲ್ಲವೆ ಮಂಡಿ ಹಿಡಿದುಕೊಂಡ ಯಾವುದಾದರೂ ಮುದುಕಿ. ಆಕೆ ಮಾತ್ರ ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ, ನಿಂತವರ ಮೊಣಕೈಗಳ ನಡುವೆ ಮೀನಿನ ಹಾಗೆ ನುಸುಳುತ್ತ ಓಡಾಡುತ್ತಲೇ ಇರುವಳು. ಕೊರಳಲ್ಲಿ ಸೀಟಿ ಇದ್ದರೂ ಊದುತ್ತಿರಲಿಲ್ಲ. "ರೈಟ್, ರೈಟ್!" ಎಂದು ಗಂಟಲಿನಲ್ಲೇ ಬಸ್ಸು ಬಿಡಿಸುತ್ತಿದ್ದಳು. ಹಾಗಾಗಿ ಪ್ರಯಾಣಿಕರಿಗೆಲ್ಲ ಅವಳು ರೈಟಕ್ಕ.

ಅವಳ ಕಾಲು ನಿಲ್ಲದಿರುವುದಕ್ಕೆ ಕಾರಣವಿತ್ತು. ಮೂವತ್ತರ ತನಕ ಅವಳು ಒಂದು ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದಳು. ದಿನಕ್ಕೆ ಒಂಬತ್ತು ಗಂಟೆ, ಒಂದೇ ಸ್ಟೂಲು, ಎದುರಿಗೆ ಒಂದೇ ಗೋಡೆ. "ಅಲ್ಲಿ ಕೂತಿದ್ದು ಏಳು ಜನ್ಮಕ್ಕೆ ಸಾಕು ಸಾರ್" ಎನ್ನುತ್ತಿದ್ದಳು. ಹಳೇ ಪೇಪರಿನಲ್ಲಿ ಕಂಡಕ್ಟರ್ ಕೆಲಸದ ಜಾಹೀರಾತು ನೋಡಿದವನು ಅವಳ ಗಂಡ. ಡಿಪೋ ಎದುರಿನ ರಸ್ತೆಯಲ್ಲಿ ಟೈರಿಗೆ ಪಂಕ್ಚರ್ ಹಾಕುವ ಅಂಗಡಿ ಅವನದು. ಮಾತು ಕಡಿಮೆ, ಕೈಗಳು ಸದಾ ಕಪ್ಪು. ಅವನು ಅದನ್ನು ಓದಿ ಹೇಳಿದಾಗ ಅತ್ತೆ, "ಇವಳ ಗಂಟಲಿಗೆ ಹೇಳಿ ಮಾಡಿಸಿದ ಕೆಲಸ. ಊರಿಗೆ ಊರೇ ಕೇಳಿಸಿಕೊಳ್ಳಲಿ, ನನ್ನ ಕಿವಿಯಾದರೂ ಉಳೀತದೆ" ಎಂದು ಅಪ್ಪಣೆ ಕೊಟ್ಟರಂತೆ.

ನಾನು ಜಿಲ್ಲಾ ಕಚೇರಿಯ ನಕಲು ವಿಭಾಗದಲ್ಲಿ ಗುಮಾಸ್ತ. ಜನ ಅರ್ಜಿ ಹಾಕಿದ ದಾಖಲೆಗಳಿಗೆ ಪ್ರತಿ ತೆಗೆದು, ಸೀಲು ಒತ್ತಿ ಕೊಡುವುದು ನನ್ನ ಕೆಲಸ. ಬೆಳಗಿನ ಏಳು ನಲವತ್ತರ ಬಸ್ಸಿನಲ್ಲಿ ಎಡಗಡೆ ಮೂರನೆಯ ಸಾಲಿನ ಕಿಟಕಿ ನನ್ನದೆಂದು ಎಲ್ಲರಿಗೂ ಗೊತ್ತಿತ್ತು. ರೈಟಕ್ಕ ನನಗಿಟ್ಟ ಹೆಸರು ಕಿಟಕಿ ಸಾರ್.

ಪ್ರತಿ ಮಂಗಳವಾರ ಅದೇ ಬಸ್ಸಿಗೆ ಸೇತುವೆಯಾಚೆಯ ನಿಲ್ದಾಣದಲ್ಲಿ ಒಬ್ಬ ಹತ್ತುತ್ತಿದ್ದ. ನಲವತ್ತೈದು ದಾಟಿದ, ತೆಳ್ಳಗಿನ, ನೀರೆತ್ತುವ ಪಂಪು ರಿಪೇರಿ ಮಾಡುವ ಮನುಷ್ಯ. ಕಂಕುಳಲ್ಲಿ ಒಂದು ಮಾರುದ್ದದ ಪ್ಲಾಸ್ಟಿಕ್ ಪೈಪು. ಎರಡೂ ಬದಿಗೆ ಮುಚ್ಚಳ ಹಾಕಿದ್ದ ಆ ಪೈಪಿನೊಳಗೆ ಒಂದು ಹಳೆಯ ನಕ್ಷೆ. ನದಿದಂಡೆಯ ಎಂಟು ಹಳ್ಳಿಗಳ ಹೊಲ, ಹುಲ್ಲುಗಾವಲು, ಕಾಲುದಾರಿ, ಸ್ಮಶಾನ ಎಲ್ಲವೂ ಅದರಲ್ಲಿತ್ತು. ಆ ನೆಲವನ್ನು ಸಿಮೆಂಟ್ ಕಾರ್ಖಾನೆಯೊಂದಕ್ಕೆ ಕೊಡಲು ಸರ್ಕಾರ ತೀರ್ಮಾನಿಸಿತ್ತು. ಕಾಗದದಲ್ಲಿ ಅದು 'ಪಾಳು ಭೂಮಿ'. ಅಲ್ಲಿ ಮೂರು ತಲೆಮಾರಿನಿಂದ ಬೆಳೆ ತೆಗೆದವರ ಬಳಿ ಇದ್ದ ಒಂದೇ ಸಾಕ್ಷ್ಯವೆಂದರೆ ಆ ನಕ್ಷೆ. ಎಂಟೂ ಹಳ್ಳಿಯವರು ಸೇರಿ ಅದನ್ನು ಅವನ ಕೈಗೆ ಕೊಟ್ಟಿದ್ದರು. ಆರು ವರ್ಷಗಳಿಂದ ಪ್ರತಿ ಮಂಗಳವಾರ ಅವನು ನಮ್ಮ ಕಚೇರಿಯ ವಿಚಾರಣೆಗೆ ಬರುತ್ತಿದ್ದ. ಹೆಸರು ಕೂಗಿದಾಗ "ಇದ್ದೀನಿ" ಎನ್ನುತ್ತಿದ್ದ, ಮುಂದಿನ ದಿನಾಂಕ ಬರೆದುಕೊಂಡು ಹೋಗುತ್ತಿದ್ದ. ಅವನಿಗೆ ನಕ್ಷೆಯಣ್ಣ ಎಂದೇ ಹೆಸರಾಗಿತ್ತು.

"ಈ ಪೈಪಿಗೆ ಲಗೇಜ್ ಟಿಕೆಟ್ ಹರಿಬೇಕು ನಾನು" ಎಂದು ರೈಟಕ್ಕ ರೇಗಿಸುವಳು.

"ಹರಿರಿ ಅಕ್ಕ. ಎಂಟು ಹಳ್ಳಿ ಇದರೊಳಗಿದೆ. ತಲೆ ಎಣಿಸಿ ಎಷ್ಟು ಟಿಕೆಟ್ ಬೇಕೋ ಅಷ್ಟು ಹರಿರಿ."

"ಅಷ್ಟೊಂದು ಜನಕ್ಕೆ ಸೀಟೆಲ್ಲಿ ತರಲಿ? ಕಿಟಕಿ ಸಾರ್‌ನೇ ಎಬ್ಬಿಸ್ಬೇಕು!"

ನಾನು ನಕ್ಕು ಹೊರಗೆ ನೋಡುವೆ. ಅವನ ಕಡತ ನಮ್ಮ ಕಚೇರಿಯಲ್ಲಿ ಯಾವ ಮೇಜಿನಿಂದ ಯಾವ ಮೇಜಿಗೆ ಸರಿಯುತ್ತಿದೆ, ಎಲ್ಲಿ ಬೇಕೆಂದೇ ನಿಲ್ಲುತ್ತಿದೆ ಎಂಬುದು ನನಗೆ ಗೊತ್ತಿತ್ತು. ಅವನೂ ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ.

ಆ ಮಂಗಳವಾರ ಬಸ್ಸಿನಲ್ಲಿ ನಲವತ್ತೊಂದು ಜನರಿದ್ದೆವು. ಈ ಲೆಕ್ಕ ರೈಟಕ್ಕನದು, ಟಿಕೆಟ್ ಯಂತ್ರದ್ದು. ನಕ್ಷೆಯಣ್ಣ ಹತ್ತಿ ಹತ್ತು ನಿಮಿಷವಾಗಿರಬಹುದು. ಇಟ್ಟಿಗೆ ಗೂಡುಗಳ ಬಳಿ ರಸ್ತೆ ತಿರುಗುವಲ್ಲಿ ಬಿಳಿ ಜೀಪೊಂದು ಹಿಂದಿನಿಂದ ಬಂದು, ಮುಂದಕ್ಕೆ ನುಗ್ಗಿ, ಅಡ್ಡ ನಿಂತಿತು. ಡ್ರೈವರ್ ಬ್ರೇಕು ಒತ್ತಿದ ರಭಸಕ್ಕೆ ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಜೀಪಿಗೆ ನಂಬರ್ ಪ್ಲೇಟ್ ಇರಲಿಲ್ಲ. ನಾಲ್ಕು ಜನ ಇಳಿದರು. ಯಾರೂ ಸಮವಸ್ತ್ರದಲ್ಲಿರಲಿಲ್ಲ. ಆದರೆ ಕೂದಲು ಕತ್ತರಿಸಿದ್ದ ರೀತಿ, ಕಾಲಿನ ಬೂಟು, ಇವನ್ನು ನೋಡಿದರೆ ಯಾರಿಗಾದರೂ ಅರ್ಥವಾಗುವಂತಿತ್ತು.

ಇಬ್ಬರು ಹಿಂದಿನ ಬಾಗಿಲಲ್ಲಿ ನಿಂತರು, ಇಬ್ಬರು ಮುಂದಿನಿಂದ ಹತ್ತಿದರು. ನಕ್ಷೆಯಣ್ಣನ ನಿಜವಾದ ಹೆಸರು ಹಿಡಿದು ಕರೆದರು. ಆ ಹೆಸರು ನಮಗ್ಯಾರಿಗೂ ಗೊತ್ತಿರಲಿಲ್ಲ. ಅವನು ಎದ್ದು ನಿಂತಾಗಲೇ ಗೊತ್ತಾಗಿದ್ದು.

"ನಡಿ."

"ಎಲ್ಲಿಗೆ? ವಾರಂಟ್ ಇದೆಯಾ?"

ಉತ್ತರವಾಗಿ ಒಬ್ಬ ಅವನ ಕೊರಳಪಟ್ಟಿಗೆ ಕೈ ಹಾಕಿದ. ರೈಟಕ್ಕ ಅಷ್ಟರಲ್ಲಿ ಹಿಂದಿನಿಂದ ನುಗ್ಗಿಕೊಂಡು ಬಂದಿದ್ದಳು.

"ಯಾರ್ರೀ ನೀವು? ಗುರುತಿನ ಚೀಟಿ ತೋರಿಸಿ. ಟಿಕೆಟ್ ತಗೊಂಡಿರೋ ಪ್ರಯಾಣಿಕರು ಇವರು. ಇಳಿಯೋ ತನಕ ಇವರ ಜವಾಬ್ದಾರಿ ನನ್ನದು."

"ನಿನ್ನ ಜವಾಬ್ದಾರಿ ಇಲ್ಲಿಗೆ ಮುಗೀತು" ಎಂದು ಆ ಮನುಷ್ಯ ಅವಳ ಭುಜಕ್ಕೆ ಅಂಗೈ ಇಟ್ಟು ನೂಕಿದ. ಅವಳ ಸೊಂಟ ಸೀಟಿನ ಕಂಬಿಗೆ ಬಡಿಯಿತು. ನಕ್ಷೆಯಣ್ಣ ಜಗಳವಾಡಲಿಲ್ಲ. ಅವರು ಎಳೆಯುವ ಮೊದಲೇ ಪೈಪನ್ನು ಅವಳ ಕಡೆಗೆ ಚಾಚಿದ. "ಅಕ್ಕ, ಇದನ್ನ ಲಗೇಜಿಗೆ ಹಾಕ್ಕೊಳ್ಳಿ" ಎಂದ. ಅವಳು ಅದನ್ನು ಹಿಡಿದುಕೊಂಡಳು. ಬಂದವರಿಗೆ ಅವನ ಮೈಮೇಲೆ ಗಮನವಿತ್ತು, ಪೈಪಿನ ಮೇಲಿರಲಿಲ್ಲ.

ಅವರು ಇಳಿದರು, ಜೀಪು ಹೊರಟಿತು. ನಲವತ್ತು ಜನರಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ. ನಾನು ಏನು ನೋಡುತ್ತಿದ್ದೆ? ಇಟ್ಟಿಗೆ ಗೂಡಿನ ಹೊಗೆ. ಅದು ಯಾವ ಕಡೆಗೆ ಬಾಗುತ್ತಿತ್ತು ಎಂಬುದು ಕೂಡ ಇವತ್ತಿಗೂ ನೆನಪಿದೆ.

ರೈಟಕ್ಕ ಡ್ರೈವರಿನ ಬಳಿ ಹೋಗಿ, "ಅಣ್ಣ, ಹಿಂದೆ ಹೋಗೋಣ, ಜೀಪು ಎಲ್ಲಿಗೆ ಹೋಗುತ್ತೆ ನೋಡೋಣ" ಎಂದಳು. ಡ್ರೈವರಿಗೆ ನಿವೃತ್ತಿಗೆ ಎರಡು ವರ್ಷವಿತ್ತು. ಅವನು ಸ್ಟೇರಿಂಗಿನಿಂದ ಕೈ ತೆಗೆಯದೆ, "ಕೂತ್ಕೋ ತಂಗಿ. ನಾವು ಏನೂ ನೋಡಿಲ್ಲ" ಎಂದ. ಅವಳು ಕೂರಲಿಲ್ಲ.

ಪ್ರತಿ ಟ್ರಿಪ್ಪಿಗೂ ಕಂಡಕ್ಟರು ಒಂದು ಹಾಳೆ ತುಂಬಬೇಕು. ಎಷ್ಟಕ್ಕೆ ಹೊರಟೆವು, ಎಷ್ಟಕ್ಕೆ ತಲುಪಿದೆವು, ತಡವಾದರೆ ಯಾಕೆ. ಕೆಳಗೆ ಕಾರ್ಬನ್ ಇಟ್ಟು ಬರೆಯಬೇಕು, ಒಂದು ಪ್ರತಿ ಡಿಪೋಗೆ, ಇನ್ನೊಂದು ಕಂಡಕ್ಟರಿಗೆ. ಆ ದಿನ ನಿಲ್ದಾಣದಲ್ಲಿ ನಾವೆಲ್ಲ ಇಳಿಯುತ್ತಿದ್ದಾಗ ಅವಳು ಬಾಗಿಲಿಗೆ ಒರಗಿ ಬರೆಯುತ್ತಿದ್ದಳು: ಹನ್ನೊಂದು ನಿಮಿಷ ತಡ. ಕಾರಣ: ಇಟ್ಟಿಗೆ ಗೂಡಿನ ತಿರುವಿನಲ್ಲಿ ನಂಬರಿಲ್ಲದ ಬಿಳಿ ಜೀಪು ಬಸ್ಸು ತಡೆದು, ನಾಲ್ಕು ಜನ ಒಬ್ಬ ಪ್ರಯಾಣಿಕನನ್ನು ಬಲವಂತವಾಗಿ ಇಳಿಸಿಕೊಂಡು ಹೋದರು. ಕಾರಣದ ಜಾಗ ಚಿಕ್ಕದಿತ್ತು. ಅವಳು ಅಂಚಿನಲ್ಲಿ ಅಡ್ಡಡ್ಡವಾಗಿ ಬರೆದು ಮುಗಿಸಿದ್ದಳು.

ಸಂಜೆ ಡಿಪೋ ಮ್ಯಾನೇಜರ್ ಅವಳನ್ನು ಕರೆಸಿದ. ಡಿಪೋದಲ್ಲೂ ಅವಳ ಮನೆಯಲ್ಲೂ ನಡೆದದ್ದನ್ನು ನಾನು ಎಷ್ಟೋ ತಿಂಗಳ ಮೇಲೆ ಅವಳ ಬಾಯಿಂದಲೇ ಕೇಳಿದ್ದು. ಮೇಜಿನ ಮೇಲೆ ಅವಳ ಹಾಳೆ ಇತ್ತು, ಪಕ್ಕದಲ್ಲಿ ಹೊಸ ಖಾಲಿ ಹಾಳೆ.

"ಇದನ್ನ ಇನ್ನೊಂದ್ಸಲ ಬರೀಮ್ಮಾ. ಟೈರ್ ಪಂಕ್ಚರ್ ಅಂತ ಹಾಕು. ಡ್ರೈವರ್ ಆಗಲೇ ಹಾಗೇ ಬರ್ಕೊಟ್ಟಿದ್ದಾನೆ."

"ಪಂಕ್ಚರ್ ಆಗಲಿಲ್ಲ ಸಾರ್."

"ಆಗಿದೆ ಅಂತ ಬರಿ."

"ನನ್ನ ಗಂಡ ಪಂಕ್ಚರ್ ಹಾಕೋನು ಸಾರ್. ಹನ್ನೊಂದು ನಿಮಿಷದಲ್ಲಿ ಬಸ್ಸಿನ ಚಕ್ರ ಬಿಚ್ಚಿ ಹಾಕೋ ಗಂಡಸು ಈ ಡಿಪೋದಲ್ಲಿ ಯಾರಿದ್ದಾರೆ ಹೇಳಿ, ಅವರ ಕೈಗೆ ನಮಸ್ಕಾರ ಮಾಡ್ತೀನಿ."

ಮ್ಯಾನೇಜರ್ ಕೆಟ್ಟವನೇನಲ್ಲ ಎಂದು ಅವಳು ಈಗಲೂ ಹೇಳುತ್ತಾಳೆ. ಅವನು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. "ಮೇಲಿಂದ ಫೋನ್ ಬಂದಿದೆ. ನಿನಗೆ ಮಗಳಿದ್ದಾಳೆ. ನಾನು ಅಷ್ಟೇ ಹೇಳಬಲ್ಲೆ" ಎಂದ. ಅವಳು ಖಾಲಿ ಹಾಳೆಯನ್ನು ಮುಟ್ಟದೆ ಹೊರಬಂದಳು. ತನ್ನ ಕಾರ್ಬನ್ ಪ್ರತಿಯನ್ನು ರವಿಕೆಯೊಳಗೆ ಸೇರಿಸಿದ್ದಳು. ಮನೆ ತಲುಪುವ ತನಕ ಹತ್ತು ಸಲವಾದರೂ ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡಳಂತೆ.

ಮಾರನೆಯ ದಿನ, ಬುಧವಾರ, ಸೇತುವೆಯಾಚೆಯ ನಿಲ್ದಾಣದಲ್ಲಿ ಒಬ್ಬ ಹೆಂಗಸು ಹತ್ತಿದಳು. ಕೈಯಲ್ಲಿ ಒಂದು ಫೋಟೋ. ಮೊದಲನೆಯ ಸಾಲಿನಿಂದ ಶುರುಮಾಡಿ ಒಬ್ಬೊಬ್ಬರ ಮುಂದೆಯೂ ಹಿಡಿಯುತ್ತ ಬಂದಳು. "ನಮ್ಮ ಯಜಮಾನ್ರು. ನಿನ್ನೆ ಈ ಬಸ್ಸಿಗೆ ಬಂದ್ರು. ಮನೆಗೆ ವಾಪಸ್ ಬಂದಿಲ್ಲ. ಯಾರಾದ್ರೂ ನೋಡಿದ್ರಾ?"

ಮೊದಲ ಸಾಲಿನವರು ತಲೆ ಅಲ್ಲಾಡಿಸಿದರು. ಎರಡನೆಯ ಸಾಲಿನ ಮನುಷ್ಯ ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿಕೊಂಡ. ಮೂರನೆಯದು ನನ್ನದು. ಫೋಟೋದಲ್ಲಿ ನಕ್ಷೆಯಣ್ಣ ಎಲ್ಲೋ ಮದುವೆಯಲ್ಲಿ ನಿಂತವನ ಹಾಗೆ ಗುಂಡಿಯನ್ನೆಲ್ಲ ಹಾಕಿಕೊಂಡು ನಿಂತಿದ್ದ. "ಇಲ್ಲಮ್ಮ" ಎಂದೆ. ಮೂರೇ ಅಕ್ಷರ, ಸಲೀಸಾಗಿ ಬಂತು.

ಆಗ ಹಿಂದಿನಿಂದ ರೈಟಕ್ಕನ ದನಿ ಕೇಳಿತು. ಕೂಗಿನ ದನಿಯಲ್ಲ, ನಾವು ಅದುವರೆಗೆ ಕೇಳಿರದ ಸಣ್ಣ ದನಿ.

"ಅವರನ್ನ ಕೇಳ್ಬೇಡಿ. ಇಲ್ಲಿ ಬನ್ನಿ ತಾಯಿ. ನಿಮ್ಮ ಯಜಮಾನ್ರು ನಿನ್ನೆ ನನ್ನ ಬಸ್ಸಲ್ಲೇ ಇದ್ರು. ನಾನು ನೋಡಿದೀನಿ."

ಡ್ರೈವರ್ ಹಾರನ್ ಒತ್ತಿ ಹಿಡಿದ. ಮುಂದೆ ರಸ್ತೆ ಖಾಲಿಯಿತ್ತು. ಆ ಸದ್ದಿನ ನಡುವೆಯೇ ಅವಳು ಇಟ್ಟಿಗೆ ಗೂಡು, ಜೀಪು, ನಾಲ್ಕು ಜನ, ಸಮಯ ಎಲ್ಲವನ್ನೂ ಹೇಳಿದಳು. ಸೀಟಿನ ಕೆಳಗೆ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಪೈಪನ್ನು ಎಳೆದು ಕೊಟ್ಟಳು. ಆ ಹೆಂಗಸು ಅಳಲಿಲ್ಲ. "ಬದುಕಿದ್ರಾ? ಇಳಿಸಿದಾಗ ನಡ್ಕೊಂಡು ಹೋದ್ರಾ?" ಎಂದು ಕೇಳಿದಳು. "ನಡ್ಕೊಂಡೇ ಹೋದ್ರು" ಎಂದಳು ರೈಟಕ್ಕ. ಮುಂದಿನ ನಿಲ್ದಾಣದಲ್ಲಿ ಆಕೆ ಪೈಪಿನ ಸಮೇತ ಇಳಿದು ಒಬ್ಬ ವಕೀಲೆಯ ಮನೆ ಹುಡುಕಿಕೊಂಡು ಹೋದಳು.

ಸುದ್ದಿ ಬಸ್ಸಿಗಿಂತ ಬೇಗ ಹೋಗುತ್ತದೆ. ಗುರುವಾರ ಬೆಳಗ್ಗೆ ಗಂಡನ ಅಂಗಡಿಗೆ ಇಬ್ಬರು ಬಂದರು. ಬೈಕಿನ ಚಕ್ರಕ್ಕೆ ಗಾಳಿ ಹಾಕಿಸಿಕೊಂಡರು. ಹಾಕಿಸಿಕೊಳ್ಳುತ್ತಲೇ, "ನಿನ್ನ ಹೆಂಡ್ತಿ ಹತ್ರ ಒಂದು ಪೈಪಿತ್ತಲ್ಲ, ಎಲ್ಲಿ?" ಎಂದರು. ಅವನು ನಿಜವಾಗಿಯೂ ಗೊತ್ತಿಲ್ಲವೆಂದ. ಅವರಲ್ಲೊಬ್ಬ ಜೇಬಿನಿಂದ ಚಾಕು ತೆಗೆದು, ಗಾಳಿ ಯಂತ್ರದ ಕೊಳವೆಯನ್ನು ಎರಡು ತುಂಡು ಮಾಡಿ, ಮಡಚಿ ಅವನ ಕೈಯಲ್ಲಿಟ್ಟು, "ಇದೇನಾ?" ಎಂದು ನಕ್ಕು ಹೊರಟ.

ಗಂಡ ಅಂಗಡಿ ಮುಚ್ಚಿ ಮನೆಗೆ ಬಂದ. ಮಾತು ಕಡಿಮೆಯ ಆ ಮನುಷ್ಯ ಅಂದು ಮಧ್ಯಾಹ್ನ ಮದುವೆಯಾದಂದಿನಿಂದ ಆಡದಷ್ಟು ಮಾತಾಡಿದ. ಅಡುಗೆಮನೆ, ಪಡಸಾಲೆ ಎರಡೂ ಒಂದೇ ಆಗಿದ್ದ ಮನೆ. ರೈಟಕ್ಕ ಆ ನಾಲ್ಕು ಹೆಜ್ಜೆ ಜಾಗದಲ್ಲಿ ಶತಪಥ ಹಾಕುತ್ತಿದ್ದಳು.

"ಆ ಮನುಷ್ಯ ನಿನಗೇನಾಗ್ಬೇಕು? ಅಣ್ಣನಾ, ತಮ್ಮನಾ? ವಾರಕ್ಕೊಂದ್ಸಲ ಟಿಕೆಟ್ ತಗೊಳ್ಳೋನು!"

"ಟಿಕೆಟ್ ತಗೊಂಡಿದ್ದಕ್ಕೇ ರೀ. ನಾನು ಕೊಟ್ಟ ಟಿಕೆಟ್ಟು ಅದು. ಇಳಿಯೋ ಊರಿನ ಹೆಸರು ಹಾಕಿ ಕೊಟ್ಟಿದೀನಿ. ಆ ಊರಿಗೆ ಅವನು ಇಳೀಲಿಲ್ಲ."

"ನಾಳೆ ನಮ್ಮ ಹುಡುಗಿ ಸ್ಕೂಲಿಂದ ಬರದೇ ಇದ್ರೆ?"

ರೈಟಕ್ಕ ನಡೆಯುವುದನ್ನು ನಿಲ್ಲಿಸಿ ಗೋಡೆಗೆ ಒರಗಿದಳು. ಮಗಳಿಗೆ ಆಗ ಹತ್ತು ವರ್ಷ. ಇಷ್ಟು ಹೊತ್ತೂ ಮೂಲೆಯಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದ ಅತ್ತೆ ಬಾಯಿ ತೆರೆದರು. "ಸ್ಕೂಲಿಗೆ ನಾನು ಕರ್ಕೊಂಡು ಹೋಗ್ತೀನಿ, ನಾನೇ ಕರ್ಕೊಂಡು ಬರ್ತೀನಿ. ಗೇಟಿನ ಹತ್ರವೇ ಕೂತಿರ್ತೀನಿ. ನನಗಿನ್ನೇನು ಕೆಲಸ?" ಎಂದರು. ಆಮೇಲೆ ಮಗನ ಕಡೆ ತಿರುಗಿ, "ನಿಮ್ಮಪ್ಪನ್ನ ಗಿರಣಿ ಮುಷ್ಕರದಲ್ಲಿ ಎತ್ಕೊಂಡು ಹೋದಾಗ ಇಡೀ ಓಣಿ ನೋಡ್ತಾ ಇತ್ತು. ಒಬ್ಬರೂ ನನಗೆ ಬಂದು ಹೇಳಲಿಲ್ಲ. ಮೂರು ದಿನ ನಾನು ಆಸ್ಪತ್ರೆ ಆಸ್ಪತ್ರೆ ಅಲೆದೆ. ನೀನು ಹೊಟ್ಟೆಯಲ್ಲಿದ್ದೆ, ನಿನಗೆಲ್ಲಿ ಗೊತ್ತು" ಎಂದರು. ಇಷ್ಟು ವರ್ಷದಲ್ಲಿ ಆ ಸಂಗತಿಯನ್ನು ಅವರು ಯಾರ ಮುಂದೆಯೂ ಎತ್ತಿರಲಿಲ್ಲ. ಗಂಡ ಎದ್ದು, ಹೊಸ ಕೊಳವೆ ತರಲು ಪೇಟೆಗೆ ಹೋದ.

ಶನಿವಾರದ ಪೇಪರಿನಲ್ಲಿ ನಕ್ಷೆಯಣ್ಣನ ಫೋಟೋ ಬಂತು. ಶುಕ್ರವಾರ ಮುಂಜಾನೆ ಕಲ್ಲುಗಣಿಯೊಂದರಲ್ಲಿ ಸ್ಫೋಟಕಗಳ ಜೊತೆ ಸಿಕ್ಕಿಬಿದ್ದ ಎಂದು ಬರೆದಿತ್ತು. ಕಾರ್ಖಾನೆಯ ಗೋಡೆ ಉಡಾಯಿಸಲು ಸಂಚು ಮಾಡಿದ್ದನಂತೆ. ಮಂಗಳವಾರದ ಸುದ್ದಿ ಎಲ್ಲೂ ಇರಲಿಲ್ಲ. ಮಂಗಳವಾರದಿಂದ ಶುಕ್ರವಾರದವರೆಗೆ ಅವನು ಎಲ್ಲಿದ್ದ? ಕಾಗದದ ಪ್ರಕಾರ ತಲೆಮರೆಸಿಕೊಂಡು ಓಡಾಡುತ್ತಿದ್ದ.

ರೈಟಕ್ಕ ಬಸ್ ನಿಲ್ದಾಣದ ಅಂಗಡಿಯ ಮುಂದೆ ನಿಂತು ಅದನ್ನು ಓದಿದಳು. "ಮುಂದಿನ ಟ್ರಿಪ್ ಬೇರೆಯವರಿಗೆ ಹಾಕಿ, ನನಗೆ ಹೊಟ್ಟೆನೋವು" ಎಂದು ಡಿಪೋಗೆ ಫೋನ್ ಮಾಡಿ, ನಕ್ಷೆಯಣ್ಣನ ಹೆಂಡತಿ ಹೋಗಿದ್ದ ಅದೇ ವಕೀಲೆಯ ಮನೆಗೆ ನೇರ ಹೋದಳು. ಅವರು ಅರವತ್ತು ದಾಟಿದ, ಕೆಮ್ಮಿನ, ಮನೆಯ ಮುಂಭಾಗವನ್ನೇ ಕಚೇರಿ ಮಾಡಿಕೊಂಡಿದ್ದ ಹೆಂಗಸು. ಕಾರ್ಬನ್ ಪ್ರತಿಯನ್ನು ಎರಡು ಸಲ ಓದಿ, ಕನ್ನಡಕದ ಮೇಲಿನಿಂದ ನೋಡಿ, "ಇದು ಎಷ್ಟು ದೊಡ್ಡ ಕಾಗದ ಗೊತ್ತಾ ನಿಮಗೆ? ಶುಕ್ರವಾರದ ಕತೆ ಪೂರ್ತಿ ಇದರ ಮುಂದೆ ಬಿದ್ದುಹೋಗುತ್ತೆ. ಸಾಕ್ಷಿ ಹೇಳ್ತೀರಾ?" ಎಂದರು.

"ಹೇಳೋಕೇ ಬಂದಿದ್ದು."

"ಕೆಲಸ ಹೋಗಬಹುದು."

"ಹೋದ್ರೆ ಹೋಗ್ಲಿ ಅನ್ನೋಷ್ಟು ಧೈರ್ಯ ನನಗಿಲ್ಲ ಮೇಡಂ. ಬೇಗ ಬರೆಸ್ಕೊಳ್ಳಿ, ಧೈರ್ಯ ಇಳಿದುಹೋಗೋದ್ರೊಳಗೆ."

ಮುಂದಿನ ವಾರವೇ ಅವಳ ಬಸ್ಸಿಗೆ ತಪಾಸಣೆಯವರು ಹತ್ತಿದರು. ಟಿಕೆಟಿಲ್ಲದ ಒಬ್ಬ ಪ್ರಯಾಣಿಕ ಸಿಕ್ಕ. ಅವನು ಹತ್ತಿದ್ದು ತಪಾಸಣೆಯವರ ಹಿಂದೆಯೇ ಎಂದು ಇಡೀ ಬಸ್ಸಿಗೆ ಗೊತ್ತಿತ್ತು, ಇಡೀ ಬಸ್ಸು ಸುಮ್ಮನಿತ್ತು. ರೈಟಕ್ಕನನ್ನು ಬಸ್ಸಿನಿಂದ ಇಳಿಸಿ ಡಿಪೋದ ಉಗ್ರಾಣಕ್ಕೆ ಹಾಕಿದರು. ಹಳೆಯ ಟಿಕೆಟ್ ಸುರುಳಿಗಳನ್ನು ಕಟ್ಟು ಕಟ್ಟುವುದು, ಮುರಿದ ಸೀಟುಗಳ ಪಟ್ಟಿ ಮಾಡುವುದು. ಕಿಟಕಿಯಿಲ್ಲದ ಕೋಣೆ, ಒಂದು ಸ್ಟೂಲು. ಅವಳು ಸ್ಟೂಲನ್ನು ಮೂಲೆಗೆ ತಳ್ಳಿ ನಿಂತೇ ಕೆಲಸ ಮಾಡಿದಳು. ಸಂಜೆಗೆ ಪಾದ ಬಾತುಕೊಳ್ಳುತ್ತಿತ್ತು. ಮನೆಗೆ ಬಂದರೆ ಬಾಗಿಲಿಗೆ ಹೋಗಿ ರಸ್ತೆ ನೋಡುವುದು, ಒಳಗೆ ಬರುವುದು, ಮತ್ತೆ ಹೋಗುವುದು. ಯಾವ ಬೈಕ್ ನಿಧಾನವಾದರೂ ಓಡಿಬಂದು ಬಾಗಿಲಿಗೆ ಚಿಲಕ ಹಾಕುವಳು. "ನನ್ನ ಮೈಯಲ್ಲಿ ಯಾರೋ ಇಂಜಿನ್ ಆಫ್ ಮಾಡೋದನ್ನ ಮರೆತಿದ್ದಾರೆ ಅನ್ನಿಸ್ತಿತ್ತು ಸಾರ್" ಎಂದು ಮುಂದೊಂದು ದಿನ ಹೇಳಿದಳು.

ನದಿದಂಡೆಯ ಹಳ್ಳಿಗಳೂ ಆ ಹೊತ್ತಿಗೆ ಉಸಿರು ಬಿಗಿಹಿಡಿದಿದ್ದವು. ವಾರಕ್ಕೊಮ್ಮೆ ಶಾಲೆಯ ಕಟ್ಟೆಯ ಮೇಲೆ ನಡೆಯುತ್ತಿದ್ದ ಸಭೆ ನಿಂತಿತು. ಸಭೆಯಲ್ಲಿ ಮಾತಾಡುತ್ತಿದ್ದ ಇಬ್ಬರು ಬೇರೆ ಊರುಗಳಿಗೆ ಹೋಗಿ ಅಡಗಿದರು. ಒಬ್ಬಾಕೆಯ ಮೇಲೆ ಹಳೆಯ ಕಳ್ಳತನದ ಮೊಕದ್ದಮೆ ಎದ್ದು ಬಂತು. ಕಾರ್ಖಾನೆಯವರು ಮೂರು ಹಳ್ಳಿಗಳ ಹುಲ್ಲುಗಾವಲಿಗೆ ತಂತಿಬೇಲಿ ಹಾಕಿದರು. ಕೇಳುವವರು ಯಾರೂ ಇರಲಿಲ್ಲ.

ಒಂದು ಮಧ್ಯಾಹ್ನ ರೈಟಕ್ಕ ನಮ್ಮ ಕಚೇರಿಗೆ ಬಂದಳು. ಕಂಡಕ್ಟರ್ ಚೀಲವಿಲ್ಲದೆ ಅವಳನ್ನು ಗುರುತಿಸಲು ನನಗೆ ಒಂದು ಗಳಿಗೆ ಬೇಕಾಯಿತು. ಬುತ್ತಿ ತಿನ್ನುತ್ತಿದ್ದ ನನ್ನ ಮೇಜಿನ ಮುಂದೆ ನಿಂತಳು.

"ಕಿಟಕಿ ಸಾರ್, ಅವತ್ತು ನೀವು ನೋಡಿದ್ರಿ ಅಲ್ವಾ?"

ನಾನು ಅಕ್ಕಪಕ್ಕ ನೋಡಿದೆ. "ನನಗೆ ಇಬ್ಬರು ಮಕ್ಕಳಮ್ಮ" ಎಂದೆ.

"ನನಗೆ ಒಬ್ಬಳು. ಅದಕ್ಕೆ ನನಗೆ ಅರ್ಧ ಹೆದರಿಕೆ ಸಾಕಾ?"

ನಾನು ಬುತ್ತಿಯಲ್ಲಿ ಕೈ ಆಡಿಸಿದೆ. ಅವಳು ಸಿಟ್ಟಾಗಲಿಲ್ಲ. ವಕೀಲೆ ಕೊಟ್ಟಿದ್ದ ಅರ್ಜಿಯನ್ನು ಮೇಜಿನ ಮೇಲಿಟ್ಟಳು. ಆ ಮಂಗಳವಾರದ ವಿಚಾರಣೆಯ ಹಾಜರಿ ಪಟ್ಟಿಯ ನಕಲು ಬೇಕಾಗಿತ್ತು. ಆರು ವರ್ಷ ಒಂದು ವಾರವೂ ತಪ್ಪಿಸದ ಮನುಷ್ಯನ ಹೆಸರಿನ ಮುಂದೆ ಅಂದು 'ಗೈರು' ಎಂದಿತ್ತು. ಇಂಥ ಅರ್ಜಿಗಳನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುವುದು ನಮಗೆ ಅಭ್ಯಾಸ. ಈ ಅರ್ಜಿಯನ್ನಂತೂ ಇಟ್ಟುಕೊಳ್ಳಲೇಬೇಕೆಂದು ಮೇಲಿನವರು ಬಯಸುತ್ತಾರೆಂದು ಯಾರೂ ಹೇಳದೆಯೂ ನನಗೆ ಗೊತ್ತಿತ್ತು. ನಾನು ಬುತ್ತಿ ಮುಚ್ಚಿ, ಕೈ ತೊಳೆದು, ಆಗಲೇ ನಕಲು ತೆಗೆದು, ಸೀಲು ಒತ್ತಿ ಕೊಟ್ಟೆ. ಅಷ್ಟೇ. ನಿಯಮದಲ್ಲಿ ಇದ್ದ ಕೆಲಸವನ್ನು ನಿಯಮದ ಪ್ರಕಾರ ಮಾಡಿದ್ದು. ಅದಕ್ಕೂ ಮೂರು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಕ್ರಮ ಬಂಧನದ ಬಗ್ಗೆ ವಕೀಲೆ ಹಾಕಿದ್ದ ಅರ್ಜಿ ನಾಲ್ಕು ತಿಂಗಳ ಮೇಲೆ ನ್ಯಾಯಾಲಯದ ಮುಂದೆ ಬಂತು. ರೈಟಕ್ಕ ಸಾಕ್ಷಿಕಟ್ಟೆಯಲ್ಲಿ ಒಂದೂವರೆ ಗಂಟೆ ನಿಂತಳು. ಸರ್ಕಾರದ ಪರ ವಕೀಲ ಅವಳನ್ನು ಹಿಂಜಿದ ರೀತಿಯನ್ನು ಅವಳೇ ಹೇಳಬೇಕು. ನಿನಗೂ ಅವನಿಗೂ ಏನು ಸಂಬಂಧ, ಪೈಪು ಯಾಕೆ ಇಟ್ಟುಕೊಂಡೆ, ಟಿಕೆಟ್ ಕೊಡದೆ ಸಿಕ್ಕಿಬಿದ್ದವಳು ನೀನೇ ತಾನೆ. ಒಂದು ಹಂತದಲ್ಲಿ ನ್ಯಾಯಾಧೀಶೆ, "ಬೇಕಾದರೆ ಕುಳಿತು ಹೇಳಿ" ಎಂದರು. "ಬೇಡಮ್ಮ, ಕೂತ್ರೆ ನನಗೆ ಮಾತು ಬರಲ್ಲ" ಎಂದಳು. ಕೋರ್ಟಿನಲ್ಲಿ ಯಾರೋ ನಕ್ಕರು.

ಆಮೇಲೆ ಡ್ರೈವರನ್ನು ಕರೆದರು. ಅವನು ಅವಳ ಕಡೆ ನೋಡದೆ ಹೋಗಿ ನಿಂತ. ಪಂಕ್ಚರ್ ಆಗಿತ್ತೆಂದ. ವಕೀಲೆ ಎದ್ದು ನಿಂತು, ಕೆಮ್ಮಿ, ಮೆಲ್ಲಗೆ ಕೇಳತೊಡಗಿದರು.

"ಯಾವ ಚಕ್ರ?"

"ಹಿಂದಿನದು. ಎಡಗಡೆ."

"ಹಿಂದೆ ಜೋಡಿ ಚಕ್ರ ಅಲ್ಲವಾ? ಒಳಗಿನದೋ ಹೊರಗಿನದೋ?"

"...ಒಳಗಿನದು."

"ಅಂದ್ರೆ ಮೊದಲು ಹೊರಗಿನದನ್ನ ಬಿಚ್ಚಬೇಕು. ಯಾರು ಬಿಚ್ಚಿದ್ರು?"

"ನಾನೇ."

"ಒಬ್ಬರೇ? ಹನ್ನೊಂದು ನಿಮಿಷದಲ್ಲಿ?"

ಡ್ರೈವರ್ ಕಟ್ಟೆಯ ಅಂಚನ್ನು ಹಿಡಿದುಕೊಂಡ. ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿದ ಮನುಷ್ಯನಿಗೆ ಅಂಥ ಸುಳ್ಳು ಹೇಳುವುದು ಅವಮಾನದಂತೆ ಕಂಡಿತೋ ಏನೋ. ಹಣೆ ಒರೆಸಿಕೊಂಡು, "ನನಗೆ ಸರಿಯಾಗಿ ನೆನಪಿಲ್ಲಮ್ಮ. ಪಂಕ್ಚರ್ ಆಗಿತ್ತೋ ಇಲ್ವೋ ನೆನಪಿಲ್ಲ" ಎಂದ. ನಿಜ ಹೇಳುವ ಧೈರ್ಯ ಅವನಿಗೆ ಬರಲಿಲ್ಲ, ಸುಳ್ಳನ್ನು ಹಿಡಿದು ನಿಲ್ಲುವುದೂ ಆಗಲಿಲ್ಲ. ಹೊರಗೆ ಕಾರಿಡಾರಿನಲ್ಲಿ ರೈಟಕ್ಕ ಅವನ ಎದುರಿಗೆ ಬಂದಾಗ, "ಇಷ್ಟೇ ನನ್ನ ಕೈಲಾಗಿದ್ದು ತಂಗಿ" ಎಂದನಂತೆ. ಅವಳು ಅವನಿಗೆ ಕುಡಿಯಲು ನೀರು ಕೊಟ್ಟಳು.

ಟ್ರಿಪ್ ಹಾಳೆ, ಟಿಕೆಟ್ ಯಂತ್ರದ ಲೆಕ್ಕ, ನಮ್ಮ ಕಚೇರಿಯ 'ಗೈರು', ಈ ಮೂರನ್ನೂ ಒಟ್ಟಿಗಿಟ್ಟು ನೋಡಿದ ನ್ಯಾಯಾಧೀಶೆ ಶುಕ್ರವಾರದ ಬಂಧನದ ಕತೆಯನ್ನು ನಂಬಲು ಸಾಧ್ಯವಿಲ್ಲ ಎಂದು ಬರೆದರು. ನಕ್ಷೆಯಣ್ಣನಿಗೆ ಬಿಡುಗಡೆಯಾಯಿತು. ಆ ನಾಲ್ಕು ಜನ ಯಾರೆಂದು ಪತ್ತೆಹಚ್ಚಲು ಬೇರೆ ತನಿಖೆ ಆಗಬೇಕೆಂದೂ ಆದೇಶದಲ್ಲಿತ್ತು.

ಜೈಲಿನ ಬಾಗಿಲಿಗೆ ಅವನ ಹೆಂಡತಿಯ ಜೊತೆ ರೈಟಕ್ಕನೂ ಹೋಗಿದ್ದಳು. ಹೊರಬಂದವನು ಅರ್ಧ ಆಳಾಗಿದ್ದ. ಎಡಗಿವಿ ಕೇಳುತ್ತಿರಲಿಲ್ಲ. ಪಂಪಿನ ಸಣ್ಣ ನಟ್ಟುಗಳನ್ನು ಕಣ್ಣುಮುಚ್ಚಿ ಬಿಗಿಯುತ್ತಿದ್ದ ಬೆರಳುಗಳು ಚಹಾ ಲೋಟವನ್ನೂ ನೆಟ್ಟಗೆ ಹಿಡಿಯುತ್ತಿರಲಿಲ್ಲ. ಆ ಮೂರು ದಿನ ಏನಾಯಿತು ಎಂದು ಅವನು ಹೇಳಲಿಲ್ಲ, ಯಾರೂ ಕೇಳಲಿಲ್ಲ. ಬಲಗಿವಿಯ ಬದಿಗೆ ಬಂದು ನಿಂತು ರೈಟಕ್ಕ, "ನಕ್ಷೆ ಕೋರ್ಟಲ್ಲಿದೆ, ಭದ್ರವಾಗಿದೆ" ಎಂದು ಕೂಗಿ ಹೇಳಿದಳು. ಅವಳ ಗಂಟಲಿಗೆ ಅದೇನು ಕಷ್ಟದ ಕೆಲಸವಾಗಿರಲಿಲ್ಲ. ಆದರೂ ಕೂಗಿದ ಮೇಲೆ ಅತ್ತಳು.

ಹುಲ್ಲುಗಾವಲಿನ ಬೇಲಿ ಇನ್ನೂ ಇದೆ. ಉಳಿದ ಐದು ಹಳ್ಳಿಗಳ ನೆಲಕ್ಕೆ ತಡೆಯಾಜ್ಞೆ ಸಿಕ್ಕಿದೆ. ಶಾಲೆಯ ಕಟ್ಟೆಯ ಮೇಲೆ ಮತ್ತೆ ಜನ ಸೇರುತ್ತಿದ್ದಾರೆ, ಮೊದಲಿಗಿಂತ ಕಡಿಮೆ. ವಿಚಾರಣೆಗೆ ಈಗ ನಕ್ಷೆಯಣ್ಣ ಒಬ್ಬನೇ ಬರುವುದಿಲ್ಲ. ಹೆಂಡತಿ, ಇನ್ನೂ ಮೂವರು ಜೊತೆಗಿರುತ್ತಾರೆ, ಮತ್ತು ಹೊರಡುವ ಮೊದಲು ವಕೀಲೆಗೆ ಫೋನ್ ಮಾಡುತ್ತಾರೆ.

ರೈಟಕ್ಕನನ್ನು ಮತ್ತೆ ಬಸ್ಸಿಗೆ ಹಾಕಿದರು, ಆದರೆ ಎಪ್ಪತ್ತು ಮೈಲಿ ದೂರದ ಡಿಪೋದಲ್ಲಿ. ವಾರಕ್ಕೆರಡು ಸಲ ಮನೆಗೆ ಬರುತ್ತಾಳೆ. ಮಗಳನ್ನು ಈಗಲೂ ಅಜ್ಜಿಯೇ ಶಾಲೆಗೆ ಬಿಡುತ್ತಾರೆ. ಹುಡುಗಿಗೆ ಅದು ನಾಚಿಕೆ, ಆದರೆ ಮುದುಕಿ ಜಗ್ಗುವುದಿಲ್ಲ.

ಹೋದ ತಿಂಗಳು ನಾನು ಆ ಡಿಪೋಗೆ ಹೋಗಿದ್ದೆ. ನಾಲ್ಕು ಜನರ ಬಗೆಗಿನ ತನಿಖೆ ಕುಂಟುತ್ತಿತ್ತು. ಜೀಪಿನವರ ಮುಖ ನೋಡಿದವರು ಕಂಡಕ್ಟರನ್ನು ಬಿಟ್ಟು ಇನ್ನೊಬ್ಬರಾದರೂ ಬೇಕು ಎಂದು ವಕೀಲೆ ಹೇಳಿ ಕಳಿಸಿದ್ದರು, ನನಗೆಂದೇ ಅಲ್ಲ, ಆ ಬಸ್ಸಿನ ಎಲ್ಲರಿಗೂ. ರೈಟಕ್ಕ ಹೊರಡಲು ನಿಂತ ಬಸ್ಸಿನ ಮೆಟ್ಟಿಲ ಮೇಲಿದ್ದಳು. ಕೂದಲು ಕಿವಿಯ ಬಳಿ ಬೆಳ್ಳಗಾಗಿತ್ತು. ನನ್ನನ್ನು ಕಂಡು ಕಣ್ಣರಳಿಸಿದಳು, ನಗಲಿಲ್ಲ.

"ನಾನು ಹೇಳಿಕೆ ಕೊಡ್ತೀನಿ ಅಂತ ಇದ್ದೀನಿ" ಎಂದೆ.

"ಯಾವಾಗ?"

"ಸೋಮವಾರ."

"ಬೆಳಗ್ಗೆನಾ, ಮಧ್ಯಾಹ್ನನಾ?"

"ಬೆಳಗ್ಗೆ. ಹತ್ತಕ್ಕೆ."

ಅವಳು ನನ್ನ ಮುಖವನ್ನೇ ನೋಡಿದಳು. ಅಲ್ಲಿ ಏನು ಕಂಡಿತೋ ಗೊತ್ತಿಲ್ಲ. "ಹಾಗಾದ್ರೆ ಭಾನುವಾರ ಫೋನ್ ಮಾಡ್ತೀನಿ. ಸೋಮವಾರ ಬೆಳಗ್ಗೆ ಎಂಟಕ್ಕೂ ಮಾಡ್ತೀನಿ. ಬೇಜಾರು ಮಾಡ್ಕೋಬೇಡಿ ಸಾರ್" ಎಂದಳು.

ಎರಡು ಸಲವೂ ಮಾಡಿದಳು. ಹತ್ತಕ್ಕೆ ಇನ್ನೂ ಕಾಲು ಗಂಟೆಯಿರುವಾಗ ನಾನು ವಕೀಲೆಯ ಮನೆ ಬಾಗಿಲು ತಟ್ಟಿದೆ. ಹೇಳಿಕೆ ಎರಡು ಪುಟವಾಯಿತು. ಅದರಲ್ಲಿ ಬುಧವಾರ ಆ ಹೆಂಗಸಿಗೆ "ಇಲ್ಲಮ್ಮ" ಎಂದದ್ದನ್ನೂ ಬರೆಸಿದೆ. ಅದು ಕೇಸಿಗೆ ಬೇಕಿಲ್ಲ ಎಂದು ವಕೀಲೆ ಹೇಳಿದರು, ಆದರೆ ಹೊಡೆದುಹಾಕಲಿಲ್ಲ.